ಮೈ ಜೊತೆ ತಿರುಗುವ ಬ್ಯಾಗ್ ಫ್ರೇಮ್ ಮನೆಯಲ್ಲೇ ಮಾಡಬಹುದಾ?

ಚಿತ್ರದುರ್ಗದ ಕೋಟೆ, ಜೋಗಿಮಟ್ಟಿ ಹತ್ತುವಾಗ ಫ್ರೇಮ್ (ಭಾರವನ್ನು ಸೊಂಟಕ್ಕೆ ದಾಟಿಸುವ ಗಟ್ಟಿ ಚೌಕಟ್ಟು) ಇರುವ ಬೆನ್ನಿನ ಬ್ಯಾಗ್ ಸೊಂಟವನ್ನೇ ಹಿಡಿದಿಟ್ಟಂತೆ ಆಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಫ್ರೇಮ್ ನೀವೇ ಮಾಡಿಕೊಳ್ಳಬಹುದು.

ನಡೆಯುವಾಗ ಸೊಂಟ ಒಂದು ಕಡೆ ತಿರುಗಿದರೆ ಭುಜ ಎದುರು ದಿಕ್ಕಿಗೆ ತಿರುಗುತ್ತದೆ. ಎತ್ತರದ ಮೆಟ್ಟಿಲಿಗೆ ಬಲಗಾಲು ಇಟ್ಟರೆ ಸೊಂಟದ ಬಲಭಾಗವೂ ಮೇಲೇಳುತ್ತದೆ. ಬಿಗಿಯಾದ ಫ್ರೇಮ್ ಇವೆರಡನ್ನೂ ಕಟ್ಟಿಹಾಕುತ್ತದೆ. ಹಾಗಂತ ಸುಮ್ನೆ ಮೆತ್ತಗೆ ಮಾಡಿದರೆ ಭಾರವೆಲ್ಲ ಭುಜಕ್ಕೆ ಬೀಳುತ್ತದೆ. ಭಾರಕ್ಕೆ ಕುಸಿಯಬಾರದು, ತಿರುಚಿದರೆ ಮಾತ್ರ ಬಳುಕಬೇಕು. ಕಷ್ಟ ಇರುವುದು ಅಲ್ಲೇ.

ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ಬೆನ್ನಿನ ಆಕಾರಕ್ಕೆ ಬಗ್ಗಿಸಿ, ಕೆಳಗೆ ಹತ್ತಿರ ಬರುವಂತೆ ವಿ ಆಕಾರದಲ್ಲಿ ಜೋಡಿಸಿ. ಅಡ್ಡಪಟ್ಟಿ ಜಾಸ್ತಿ ಬೇಡ, ಹಾಕಿದಷ್ಟೂ ಬಿಗಿಯಾಗುತ್ತದೆ.

ಮುಖ್ಯವಾದದ್ದು ಸೊಂಟದ ಬೆಲ್ಟ್. ಅದನ್ನು ಫ್ರೇಮಿಗೆ ಎರಡು ತುದಿಯಲ್ಲಿ ಬಿಗಿಯಬೇಡಿ. ಸೊಂಟದ ಹಿಂದೆ, ಸರಿಯಾಗಿ ಮಧ್ಯದಲ್ಲಿ ಒಂದೇ ಬೋಲ್ಟ್ ಹಾಕಿ. ಎರಡೂ ಕಡೆ ನೈಲಾನ್ ವಾಷರ್, ಆಮೇಲೆ ಲಾಕ್ ನಟ್ (ಅಲುಗಾಡಿದರೂ ಸಡಿಲವಾಗದ ನಟ್). ಬೆಲ್ಟ್ ತಕ್ಕಡಿಯ ದಂಡದಂತೆ ಆಡಬೇಕು. ಬೋಲ್ಟಿನ ತಲೆ ಬೆನ್ನಿಗೆ ಒತ್ತದಂತೆ ದಪ್ಪ ಫೋಮ್ ಇಡಿ.

ಆದರೆ ಬಂಡೆ ಹತ್ತುವಾಗ ಬ್ಯಾಗ್ ಜಾಸ್ತಿ ಓಲಾಡಿದರೆ ಅಪಾಯ ಅಲ್ವಾ? ಬೆಲ್ಟಿನಿಂದ ಬ್ಯಾಗಿನ ಬುಡಕ್ಕೆ ಎರಡೂ ಬದಿ ಚಿಕ್ಕ ಪಟ್ಟಿ ಹೊಲಿಸಿ. ಸಮತಟ್ಟಿನಲ್ಲಿ ಸಡಿಲ ಬಿಡಿ, ಬಂಡೆ ಬಂದಾಗ ಎಳೆದು ಬಿಗಿ ಮಾಡಿ.