ರಷ್ಯನ್ನರ ‘ಬೊಗ್’, ನಮ್ಮ ‘ಭಗವಂತ’

ಓದುಗರ ಪ್ರಶ್ನೆ: ಮಗ ರಷ್ಯಾದಲ್ಲಿ ಮೆಡಿಕಲ್ ಓದುತ್ತಿದ್ದಾನೆ. ಅಲ್ಲಿ ದೇವರಿಗೆ ‘ಬೊಗ್’ ಅಂತಾರಂತೆ. ಇದು ನಮ್ಮ ಭಗವಾನ್ ಅಲ್ಲವೇ? ರಷ್ಯನ್ ಭಾಷೆ ಸಂಸ್ಕೃತದಿಂದ ಹುಟ್ಟಿತು ಎನ್ನಲು ಇಷ್ಟು ಸಾಲದೇ? ಇನ್ನೊಂದು, ದೇವರನ್ನು ಕರೆಯುವಾಗ ಮಾತ್ರ ಅದು ‘ಬೋಝೆ’ ಆಗುವುದು ಯಾಕೆ?

ಸಂಪಾದಕರ ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಬೊಗ್ ಮತ್ತು ಭಗ ನೆಂಟರು, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟಕ್ಕೇ ಒಬ್ಬರು ಇನ್ನೊಬ್ಬರ ಮಗ ಅಂತ ಆಗುವುದಿಲ್ಲ. ದಾಯಾದಿಗಳ ಮಕ್ಕಳಲ್ಲೂ ಒಂದೇ ಥರದ ಮೂಗು ಇರುತ್ತದಲ್ವಾ? ಸಂಸ್ಕೃತ, ಸ್ಲಾವಿಕ್ (ರಷ್ಯನ್, ಪೋಲಿಷ್, ಚೆಕ್ ಸೇರಿದ ಭಾಷಾ ಕುಟುಂಬ) ಎರಡೂ ಯಾರೂ ಬರೆದಿಡದ ಇನ್ನೂ ಹಳೆಯ ಒಂದು ಭಾಷೆಯಿಂದ ಕವಲೊಡೆದವು. ಆ ಮೂಲಭಾಷೆಯಲ್ಲಿ ‘ಭಗ್’ ಅಂದರೆ ಹಂಚು, ಪಾಲು ಕೊಡು.

ಈ ‘ಪಾಲು’ ಅನ್ನೋದೇ ಇಲ್ಲಿ ಮುಖ್ಯ. ಭಾಗ, ಭಾಗ್ಯ, ಭಕ್ತ, ಎಲ್ಲ ಆ ಬೇರಿನವೇ. ಋಗ್ವೇದದಲ್ಲಿ ಭಗ ಒಬ್ಬ ದೇವತೆ, ಆದಿತ್ಯರಲ್ಲಿ ಒಬ್ಬ, ಜನರಿಗೆ ಅವರವರ ಪಾಲು ಹಂಚುವವನು. ಏಳನೇ ಮಂಡಲದ 41ನೇ ಸೂಕ್ತದಲ್ಲಿ ‘ಭಗನೇ ಭಗವಂತನಾಗಿರಲಿ, ಅವನಿಂದ ನಾವೂ ಭಗವಂತರಾಗೋಣ’ ಎಂಬ ಮಾತಿದೆ. ಇಲ್ಲಿ ಭಗವಂತ ಅಂದರೆ ಸಿರಿ ಉಳ್ಳವನು, ಅಷ್ಟೇ. ಮನುಷ್ಯರೂ ಆಗಬಹುದು.

ಈಗ ಸ್ಲಾವಿಕ್ ಕಡೆ ನೋಡಿ. ರಷ್ಯನ್‌ನಲ್ಲಿ ‘ಬಗಾತಿಯ್’ ಅಂದರೆ ಶ್ರೀಮಂತ. ಬೊಗ್‌ಗೆ ‘ಉಳ್ಳವನು’ ಎಂಬ ಪ್ರತ್ಯಯ ಸೇರಿ ಆದ ಪದ ಅದು, ಗಡ್ಡ ಉಳ್ಳವನಿಗೆ ‘ಬರದಾತಿಯ್’ ಅನ್ನುವ ಹಾಗೆ. ‘ಉಬೋಗಿಯ್’ ಅಂದರೆ ಬಡಪಾಯಿ, ಪಾಲು ಇಲ್ಲದವನು. ಪೋಲಿಷ್‌ನಲ್ಲಿ ‘ಜ್ಬೋಝೆ’ ಅಂದರೆ ಧಾನ್ಯ. ಚೆಕ್‌ನಲ್ಲಿ ಹೆಚ್ಚುಕಡಿಮೆ ಅದೇ ಪದಕ್ಕೆ ಅಂಗಡಿಯ ಸರಕು ಎಂಬ ಅರ್ಥ. ದೇವರ ಹೆಸರಿನಲ್ಲಿ ಕಾಳು, ಸರಕು, ಸಿರಿ, ಬಡತನ ಎಲ್ಲ ಸೇರಿಕೊಂಡಿದೆ! ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಇನ್ನು ಬೋಝೆ. ಇದು ಸಂಬೋಧನೆಯ ರೂಪ, ನಮ್ಮ ‘ದೇವರೇ’ ಇದ್ದ ಹಾಗೆ. ಹಳೆಯ ಸ್ಲಾವಿಕ್‌ನಲ್ಲಿ ಕರೆಯುವಾಗ ಕೊನೆಗೆ ‘ಎ’ ಬರುತ್ತಿತ್ತು, ಆ ‘ಎ’ ತನ್ನ ಹಿಂದಿನ ‘ಗ’ವನ್ನು ‘ಝ’ ಮಾಡಿತು. ನಿಮಗೆ ಇದು ಹೊಸದಲ್ಲ. ಭಾಗ–ಭಜನೆ, ತ್ಯಾಗ–ತ್ಯಜಿಸು, ಇಲ್ಲೆಲ್ಲ ಗ, ಜ ಆಗಿದೆಯಲ್ಲ, ಅದಕ್ಕೂ ಹಿಂದೆ ಇದ್ದದ್ದು ಇದೇ ಥರದ ‘ಎ’ ಸ್ವರ. ಆಮೇಲೆ ಸಂಸ್ಕೃತದಲ್ಲಿ ಆ ‘ಎ’ ಕೂಡ ‘ಅ’ ಆಗಿ ಹೋಯಿತು, ಗುರುತು ಮಾತ್ರ ಉಳಿಯಿತು. ಎರಡೂ ಕಡೆ ಇದು ಬೇರೆ ಬೇರೆಯಾಗಿಯೇ ನಡೆದದ್ದು. ಪೋಲಿಷರು ದೇವರಿಗೆ ‘ಬುಕ್’ ಅಂತಾರೆ, ಚೆಕ್‌ನವರು ‘ಬೂಹ್’ ಅಂತ ಬರೆಯುತ್ತಾರೆ, ಆದರೆ ಕರೆಯುವಾಗ ಇಬ್ಬರದೂ ಬೊಝೆಯೇ. ರಷ್ಯನ್ ಅಂತೂ ಹಳೆಯ ಸಂಬೋಧನೆಯ ರೂಪಗಳನ್ನು ಬಹುಮಟ್ಟಿಗೆ ಕಳೆದುಕೊಂಡಿದೆ, ಪ್ರಾರ್ಥನೆಯಿಂದಾಗಿ ‘ಬೋಝೆ’, ‘ಗೋಸ್ಪದಿ’ ಥರದ ಕೆಲವು ಉಳಿದಿವೆ. ನಿಮ್ಮ ಮಗ ದಿನಾ ಹೇಳುವ ‘ಸ್ಪಸೀಬ’ದಲ್ಲೂ ಬೊಗ್ ಇದೆ. ‘ದೇವರು ಕಾಪಾಡಲಿ’ ಎಂಬುದು ಸವೆದು ಥ್ಯಾಂಕ್ಸ್ ಆಗಿದೆ.

ಈ ಪದ ಕ್ರೈಸ್ತ ಧರ್ಮಕ್ಕಿಂತ ಹಳೆಯದು. 980ರಲ್ಲಿ ವ್ಲಾದಿಮಿರ್ ದೊರೆ ಕೀವ್‌ನಲ್ಲಿ ನಿಲ್ಲಿಸಿದ ವಿಗ್ರಹಗಳಲ್ಲಿ ದಾಝ್‌ಬೊಗ್, ಸ್ತ್ರಿಬೊಗ್ ಇದ್ದರು ಅಂತ ಅಲ್ಲಿನ ಹಳೆಯ ವೃತ್ತಾಂತ ಹೇಳುತ್ತದೆ. ಅದಕ್ಕೂ ಮುಂಚೆ, 863ರಲ್ಲಿ ಮೊರಾವಿಯಾಕ್ಕೆ (ಇಂದಿನ ಚೆಕ್ ದೇಶದ ಕಡೆಗೆ) ಹೊರಟ ಕ್ರೈಸ್ತ ಧರ್ಮಪ್ರಚಾರಕರಾದ ಸಿರಿಲ್ ಮತ್ತು ಮೆಥೋಡಿಯಸ್ ಬೈಬಲ್‌ನ ದೇವರಿಗೂ ಇದೇ ಪದ ಬಳಸಿದರು.

ಪಂಡಿತರ ನಿಜವಾದ ಜಗಳ ಇರುವುದು ಬೇರೆ ಕಡೆ, ಸಂಸ್ಕೃತದ ಬಗ್ಗೆ ಅಲ್ಲ, ಇರಾನಿನ ಬಗ್ಗೆ. ಹಳೆಯ ಪರ್ಷಿಯನ್‌ನಲ್ಲಿ ‘ಬಗ’ ಅಂದರೆ ನೇರವಾಗಿ ದೇವರು, ತಮ್ಮ ಮುಖ್ಯ ದೇವರಾದ ಅಹುರಮಜ್ದನನ್ನು ಅಲ್ಲಿನ ರಾಜರು ಶಾಸನಗಳಲ್ಲಿ ‘ದೊಡ್ಡ ಬಗ’ ಎಂದು ಕೊಂಡಾಡಿದ್ದಾರೆ. ಅದೇ ಇರಾನಿನಲ್ಲಿ ನಮ್ಮ ‘ದೇವ’ ರಾಕ್ಷಸನಾದ. ಸ್ಲಾವರಲ್ಲೂ ‘ದೇವ’ ಪದ ದೇವರ ಜಾಗ ಬಿಟ್ಟುಕೊಟ್ಟಿತು, ಆದರೆ ಪಕ್ಕದ ಲಿಥುವೇನಿಯಾದವರು ಇಂದಿಗೂ ‘ದಿಯೆವಸ್’ ಅಂತಲೇ ಕರೆಯುತ್ತಾರೆ. ಕಪ್ಪುಸಮುದ್ರದ ಉತ್ತರಕ್ಕೆ ಇರಾನಿ ಭಾಷೆಯ ಸಿಥಿಯನ್ನರು ಇದ್ದರು, ಡಾನ್ ನದಿಯ ಹೆಸರು ಅವರ ಕಡೆಯದು. ಹಾಗಾಗಿ ಬೊಗ್ ಅವರಿಂದ ಪಡೆದ ಸಾಲ ಅನ್ನುವವರಿದ್ದಾರೆ. ಧ್ವನಿ ನೋಡಿ ತೀರ್ಮಾನಿಸಲು ಆಗದು, ಮೂಲಭಾಷೆಯಿಂದ ನೇರವಾಗಿ ಬಂದರೂ, ಇರಾನಿಯಿಂದ ಸಾಲ ತಂದರೂ ‘ಬೊಗ್’ ಅಂತಲೇ ಬರುತ್ತದೆ.

ನನಗೆ ಅನಿಸುವುದು ಇಷ್ಟು. ಬರೀ ದೇವರ ಹೆಸರನ್ನು ಸಾಲ ತಂದಿದ್ದರೆ ಅದರ ಜೊತೆ ಸಿರಿವಂತ, ಬಡಪಾಯಿ, ಧಾನ್ಯ ಇಷ್ಟೆಲ್ಲ ಬರುತ್ತಿರಲಿಲ್ಲ. ಪದ ಸ್ಲಾವರ ಮನೆಯದೇ, ‘ದೇವರು’ ಎಂಬ ಅರ್ಥ ಮಾತ್ರ ಇರಾನಿ ನೆರೆಯವರ ಸಹವಾಸದಲ್ಲಿ ಗಟ್ಟಿಯಾಗಿರಬೇಕು.