ಆ ದೇಶದ ಮಕ್ಕಳು ಬೆಳಿಗ್ಗೆ ಎದ್ದು ಏನು ಮಾಡ್ತಾರೆ?

ಮಕ್ಕಳು ನೋಡುವ ಸಿನಿಮಾ, ಕಾರ್ಟೂನ್, ಮೊಬೈಲ್ ವಿಡಿಯೊಗಳ ಬಗ್ಗೆ ಓದುಗರು ಕೇಳಿದ ಐದು ಪ್ರಶ್ನೆಗಳು ಇಲ್ಲಿವೆ. ಐದೂ ಒಂದೇ ವಿಷಯದ ಸುತ್ತ ಇವೆ: ಬೇರೆ ದೇಶದ ಜನರನ್ನು ಪರದೆ ನಮ್ಮ ಮಕ್ಕಳಿಗೆ ಹೇಗೆ ತೋರಿಸುತ್ತಿದೆ?

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಕಾರ್ಟೂನ್ ಸಿನಿಮಾ ಅಂದರೆ ಪ್ರಾಣ. ಮೊನ್ನೆ "ಅಮ್ಮ, ಆಫ್ರಿಕಾದಲ್ಲಿ ಮನೆಗಳು ಇರ್ತಾವಾ, ಇಲ್ಲ ಬರೀ ಕಾಡಾ?" ಅಂತ ಕೇಳಿದಳು. ನನಗೆ ಗಾಬರಿ ಆಯ್ತು. ಇಂಥ ಸಿನಿಮಾ ತೋರಿಸೋದನ್ನೇ ನಿಲ್ಲಿಸಬೇಕಾ?

ನಿಲ್ಲಿಸಬೇಡಿ. ನಿಮ್ಮ ಮಗಳು ತಪ್ಪೇನೂ ಕೇಳಿಲ್ಲ. ತೋರಿಸಿದ್ದನ್ನು ಗಮನವಿಟ್ಟು ನೋಡಿದ್ದಾಳೆ, ಅಷ್ಟೇ. 1994ರ 'ದಿ ಲಯನ್ ಕಿಂಗ್' ಇದೆಯಲ್ಲ, ಅದರಲ್ಲಿ ಮೊದಲಿಂದ ಕೊನೆಯವರೆಗೆ ಒಬ್ಬ ಮನುಷ್ಯನೂ ಬರುವುದಿಲ್ಲ. ಸಿಂಬಾ ಅಂದರೆ ಸ್ವಾಹಿಲಿಯಲ್ಲಿ ಸಿಂಹ. ರಫೀಕಿ ಅಂದರೆ ಗೆಳೆಯ. ಹೆಸರುಗಳು ಸ್ವಾಹಿಲಿಯಿಂದ ಬಂದವು, ಆ ಭಾಷೆ ಆಡುವ ಜನ ಮಾತ್ರ ಬರಲಿಲ್ಲ. ಪ್ರಾಣಿಗಳ ಕಥೆಯಲ್ಲಿ ಮನುಷ್ಯರು ಇಲ್ಲದಿರುವುದು ದೋಷ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಮಗು ಆಫ್ರಿಕಾ ಅಂತ ನೋಡಿರುವುದು ಅದೊಂದನ್ನೇ ಆದರೆ, 54 ದೇಶಗಳ ಖಂಡ ಅದರ ಮನಸ್ಸಿನಲ್ಲಿ ಒಂದು ದೊಡ್ಡ ಹುಲ್ಲುಗಾವಲಾಗಿ ಉಳಿದುಬಿಡುತ್ತದೆ.

ನೈಜೀರಿಯಾದ ಲೇಖಕಿ ಚಿಮಾಮಾಂಡಾ ಎನ್‌ಗೋಜಿ ಅಡಿಚಿಯೆ 2009ರ ಒಂದು ಭಾಷಣದಲ್ಲಿ ತಮ್ಮ ಅನುಭವ ಹೇಳಿದ್ದಾರೆ. 19ನೇ ವಯಸ್ಸಿಗೆ ಓದಲು ಅಮೆರಿಕಕ್ಕೆ ಹೋದಾಗ, ಜೊತೆಗಿದ್ದ ಹುಡುಗಿ ನಿಮ್ಮ ಬುಡಕಟ್ಟಿನ ಸಂಗೀತ ಕೇಳಿಸು ಅಂದಳಂತೆ. ಇವರು ತೆಗೆದು ತೋರಿಸಿದ್ದು ಅಮೆರಿಕದ್ದೇ ಪಾಪ್ ಗಾಯಕಿ ಮರಾಯಾ ಕ್ಯಾರಿಯ ಕ್ಯಾಸೆಟ್. ಆ ಹುಡುಗಿಗೆ ನಿರಾಸೆಯಾಯಿತು. ಇವರಿಗೆ ಸ್ಟೌ ಬಳಸಲು ಬರುವುದಿಲ್ಲ ಅಂತಲೂ ಅವಳು ಅಂದುಕೊಂಡಿದ್ದಳು. ಅವಳು ಕೆಟ್ಟವಳಲ್ಲ. ಚಿಕ್ಕಂದಿನಿಂದ ಅವಳ ಕಿವಿಗೆ ಬಿದ್ದಿದ್ದ ಆಫ್ರಿಕಾದ ಕಥೆ ಒಂದೇ ಆಗಿತ್ತು.

ಪರದೆಗೆ ಹಬ್ಬ ಬೇಕು, ಯುದ್ಧ ಬೇಕು, ಕಾಡು ಬೇಕು, ಅರಮನೆ ಬೇಕು. ಸುಮ್ನೆ ಒಂದು ಮಂಗಳವಾರ ಬೇಡ. ಹಾಗಾಗಿ ನಮ್ಮ ಮಕ್ಕಳಿಗೆ ಬೇರೆ ದೇಶದವರ ಕುಣಿತ ಗೊತ್ತು, ವೇಷ ಗೊತ್ತು. ಅವರು ಹೋಮ್‌ವರ್ಕ್ ಮಾಡುತ್ತಾರೆ ಅನ್ನೋದು ಗೊತ್ತಿಲ್ಲ. ಮಕ್ಕಳ ಜೊತೆ ಈ ವಿಷಯ ಮಾತಾಡುವಾಗ ನಾನು ಒಂದೊಂದು ಹಾಳೆ ಕೊಡುತ್ತೇನೆ. ಒಂದು ಕಡೆ ನಿಮ್ಮ ಬೆಳಿಗ್ಗೆಯ ಚಿತ್ರ ಬಿಡಿಸಿ, ಇನ್ನೊಂದು ಕಡೆ ಈಜಿಪ್ಟಿನ ಒಬ್ಬ ಹುಡುಗನ ಬೆಳಿಗ್ಗೆ ಬಿಡಿಸಿ ಅನ್ನುತ್ತೇನೆ. ತಮ್ಮ ಕಡೆ ಹಲ್ಲುಜ್ಜುವುದು, ಕಾಣೆಯಾದ ಒಂದು ಸಾಕ್ಸ್ ಹುಡುಕುವುದು, ತಂಗಿ ಜೊತೆ ಜಗಳ ಎಲ್ಲ ಬರುತ್ತದೆ. ಆ ಕಡೆ ಪಿರಮಿಡ್ಡು, ಒಂಟೆ, ಮರಳು. ಒಮ್ಮೆ ಒಬ್ಬ ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ಬಹಳ ಹೊತ್ತು ಕೂತಿದ್ದಳು. ಕೊನೆಗೆ ಪಿರಮಿಡ್ಡಿನ ಬಾಗಿಲ ಬಳಿ ಒಂದು ಟೂತ್‌ಬ್ರಷ್ ಬಿಡಿಸಿದಳು. ಅಂದು ಬಂದ ಹಾಳೆಗಳಲ್ಲಿ ಅದೇ ನನಗೆ ತುಂಬ ಇಷ್ಟವಾದದ್ದು.

ನಿಮ್ಮ ಮಗಳಿಗೂ ಆ ಟೂತ್‌ಬ್ರಷ್ ಬೇಕು. ಆಫ್ರಿಕಾದವರೇ ಮಾಡಿದ್ದನ್ನು ತೋರಿಸಿ. 'ಸೂಪಾ ಟೀಮ್ 4' ಅನ್ನೋ ಕಾರ್ಟೂನ್ ಸರಣಿ 2023ರಲ್ಲಿ ಬಂತು. ಅದನ್ನು ಹುಟ್ಟುಹಾಕಿದವರು ಜಾಂಬಿಯಾದ ಮಲೆಂಗಾ ಮುಲೆಂಡೆಮಾ. ಕಥೆ ನಡೆಯುವುದು ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ, ನಾಯಕಿಯರು ನಾಲ್ವರು ಶಾಲಾ ಹುಡುಗಿಯರು. ತಾಂಜಾನಿಯಾದಲ್ಲಿ 2014ರಿಂದ ಬರುತ್ತಿರುವ 'ಉಬೊಂಗೊ ಕಿಡ್ಸ್' ಅಲ್ಲಿನ ಮಕ್ಕಳಿಗೆ ಸ್ವಾಹಿಲಿಯಲ್ಲಿ ಲೆಕ್ಕ ಕಲಿಸುತ್ತದೆ. ಭಾಷೆ ಅರ್ಥವಾಗದಿದ್ದರೂ ಹತ್ತು ನಿಮಿಷ ನೋಡಲಿ. ಸ್ವಾಹಿಲಿ ಬರೀ ಸಿಂಹಗಳ ಹೆಸರಿಗಷ್ಟೇ ಅಲ್ಲ, ಕೂಡೋದು ಕಳೆಯೋದಕ್ಕೂ ಇದೆ ಅಂತ ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಹಳೆಯ 'ಅಲಾದೀನ್' ಚಿತ್ರ ಅರಬರಿಗೆ ಅವಮಾನ ಮಾಡಿದೆ ಅಂತ ಎಲ್ಲೋ ಓದಿದೆ. ಅದೊಂದು ಕಲ್ಪನೆಯ ಊರು ಅಲ್ವಾ? ಇದು ಅತಿಯಾಯ್ತು ಅನ್ನಿಸಲ್ವಾ?

ನನಗೆ ಅತಿ ಅನ್ನಿಸುವುದಿಲ್ಲ. 1992ರಲ್ಲಿ ಆ ಚಿತ್ರ ಬಂದಾಗ ಮೊದಲ ಹಾಡಿನಲ್ಲೇ, ಮುಖ ಹಿಡಿಸದಿದ್ದರೆ ಕಿವಿ ಕತ್ತರಿಸುವ ಊರು ಅನ್ನುವ ಅರ್ಥದ ಸಾಲಿತ್ತು. ಅಮೆರಿಕದ ಅರಬ್ ಸಂಘಟನೆಯೊಂದು ಪ್ರತಿಭಟಿಸಿತು. ಮರುವರ್ಷ ವಿಡಿಯೊ ಕ್ಯಾಸೆಟ್ ಬರುವಾಗ ಆ ಸಾಲು ಬದಲಾಯಿತು. ಆದರೆ ಅದರ ಬೆನ್ನಿಗೇ ಬರುವ, ಆ ನಾಡು ಅನಾಗರಿಕ ಅನ್ನುವ ಮಾತು ಹಾಗೇ ಉಳಿಯಿತು. ಅದು ಹೋಗಿದ್ದು 2019ರ ಹೊಸ ಚಿತ್ರದಲ್ಲಿ. ಮಾತಿನ ಧಾಟಿಯನ್ನೂ ಕೇಳಿ. ಅಲಾದೀನ್ ಮತ್ತು ರಾಜಕುಮಾರಿ ಅಮೆರಿಕದವರ ಹಾಗೆ ಮಾತಾಡುತ್ತಾರೆ. ಸಂತೆಯ ವ್ಯಾಪಾರಿಗಳು, ಕಾವಲುಗಾರರದು ಒರಟು ವಿದೇಶಿ ಧಾಟಿ. ಯಾರು ನಮ್ಮವರು, ಯಾರಿಗೆ ಹೆದರಬೇಕು ಅನ್ನೋದನ್ನು ಮಗು ಕಿವಿಯಿಂದಲೇ ಕಲಿಯುತ್ತದೆ.

ಕಲ್ಪನೆಯ ಊರು ಅಂದಿರಲ್ಲ, ಅದಕ್ಕೊಂದು ಮಾತು. ಆ ಚಿತ್ರದ ಊರಿನ ಹೆಸರು ಅಗ್ರಬಾ. 2015ರ ಡಿಸೆಂಬರಿನಲ್ಲಿ ಪಬ್ಲಿಕ್ ಪಾಲಿಸಿ ಪೋಲಿಂಗ್ ಅನ್ನುವ ಸಂಸ್ಥೆ ಅಮೆರಿಕದ ಮತದಾರರನ್ನು, ಅಗ್ರಬಾ ಮೇಲೆ ಬಾಂಬ್ ಹಾಕುವುದನ್ನು ಬೆಂಬಲಿಸುತ್ತೀರಾ ಅಂತ ಕೇಳಿತು. ರಿಪಬ್ಲಿಕನ್ ಪಕ್ಷದ ಮತದಾರರಲ್ಲಿ 30%, ಡೆಮಾಕ್ರಾಟ್ ಪಕ್ಷದವರಲ್ಲಿ 19% ಜನ ಹೌದು ಅಂದರು. ಇದಕ್ಕೆ ಆ ಸಿನಿಮಾವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಅರಬ್ ಊರಿನ ಹಾಗೆ ಕೇಳಿಸುವ ಒಂದು ಹೆಸರು ಸಾಕಾಯಿತು. ಆ ಊರು ಇದೆಯಾ ಅಂತ ಕೇಳಿಕೊಳ್ಳುವುದೂ ಬೇಕಾಗಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಡಬ್ಬಿಂಗ್‌ನಲ್ಲಿ ಹೆಸರು, ಊಟ ಎಲ್ಲ ಬದಲಾಯಿಸ್ತಾರಂತೆ. ಮಕ್ಕಳಿಗೆ ಅರ್ಥವಾಗಲಿ ಅಂತ ತಾನೇ? ಅದರಲ್ಲಿ ತಪ್ಪೇನು?

ಭಾಷೆ ಬದಲಾಗಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಕಣ್ಣ ಮುಂದೆ ಇರುವುದನ್ನೇ ಇಲ್ಲ ಅನ್ನಬಾರದು. 'ಪೋಕೆಮಾನ್' ಕಾರ್ಟೂನಿನ ಹಳೆಯ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಒಂದು ದೃಶ್ಯವಿದೆ. ಬ್ರಾಕ್ ಅನ್ನುವ ಹುಡುಗನ ಹತ್ತಿರ ಬಿಳಿ ಬಣ್ಣದ, ಮೂರು ಮೂಲೆಯ ತಿಂಡಿ ಇದೆ. ಕೆಳಗೆ ಕಪ್ಪು ಪಟ್ಟಿ ಸುತ್ತಿದೆ. ಅದು ಒನಿಗಿರಿ. ಜಪಾನಿನವರು ಡಬ್ಬಿಗೆ ಹಾಕಿಕೊಂಡು ಹೋಗುವ ಅನ್ನದ ಉಂಡೆ, ಕಪ್ಪಗಿರುವುದು ಕಡಲಪಾಚಿ. ಹುಡುಗನ ಬಾಯಲ್ಲಿ ಅದಕ್ಕೆ ಜೆಲ್ಲಿ ತುಂಬಿದ ಡೋನಟ್ ಅಂತ ಹೇಳಿಸಿದರು! ಅದು ಡೋನಟ್ ಅಲ್ಲ ಅಂತ ನೋಡುವ ಮಗುವಿಗೂ ಕಾಣಿಸುತ್ತದೆ. 2014ರಲ್ಲಿ 'ಡೊರೆಮಾನ್' ಅಮೆರಿಕದ ಟಿವಿಗೆ ಹೋದಾಗ ನೊಬಿಟಾ 'ನೋಬಿ' ಆದ, ಚಾಪ್‌ಸ್ಟಿಕ್ ಹೋಗಿ ಫೋರ್ಕ್ ಬಂತು, ಯೆನ್ ನೋಟುಗಳು ಡಾಲರ್ ಆದವು.

ಮಕ್ಕಳಿಗೆ ಗೊತ್ತಿಲ್ಲದ ಪದ ಭಾರವಾಗುತ್ತದೆ ಅನ್ನೋದು ದೊಡ್ಡವರ ಭಯ. ಮಕ್ಕಳು ನೂರಾರು ಪೋಕೆಮಾನ್ ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ. ಒನಿಗಿರಿ ಅನ್ನೋ ಒಂದು ಪದ ಅವರಿಗೆ ಜಾಸ್ತಿ ಆಗುತ್ತಾ?

ಪ್ರಶ್ನೆ: ನನ್ನ 15 ವರ್ಷದ ಮಗಳು ಕೊರಿಯನ್ ಧಾರಾವಾಹಿ, ಚಿಕ್ಕ ವಿಡಿಯೊಗಳಲ್ಲೇ ಮುಳುಗಿರ್ತಾಳೆ. ಅಲ್ಲಿ ಎಲ್ಲರೂ ಚೆಂದ, ಎಲ್ಲವೂ ಚೆಂದ ಅಂತಾಳೆ. ಹೇಗೆ ತಿಳಿಹೇಳಲಿ?

ಹೀಯಾಳಿಸಬೇಡಿ, ಮೊದಲು ಅದು. ಇನ್ನೊಂದು ದೇಶದ ಮೇಲೆ ಪ್ರೀತಿ ಹುಟ್ಟಿದೆ, ಅದು ಒಳ್ಳೆಯದೇ. ಆದರೆ ಮೆಚ್ಚುಗೆಯೂ ಒಂದೇ ಕಥೆ ಆಗಬಹುದು. ಮೊಬೈಲು ಈ ವಿಷಯದಲ್ಲಿ ಟಿವಿಗಿಂತ ಬಿಗಿ. ಯಾವ ವಿಡಿಯೊ ಕೊನೆಯವರೆಗೆ ನೋಡಿದಳೋ ಅಂಥದ್ದನ್ನೇ ಮತ್ತೆ ಮತ್ತೆ ತಂದು ಮುಂದಿಡುತ್ತದೆ.

ಅವಳಿಗೆ ಒಂದು ಕೆಲಸ ಕೊಡಿ. 'ಶಾಲೆಯ ಊಟ', 'ಬಸ್ಸಿನಲ್ಲಿ ಮನೆಗೆ', 'ಪರೀಕ್ಷೆಯ ಹಿಂದಿನ ದಿನ' ಇಂಥ ಪದಗಳನ್ನು ಮೊಬೈಲಿನಲ್ಲೇ ಕೊರಿಯನ್ ಭಾಷೆಗೆ ತಿರುಗಿಸಿ, ಆ ಪದಗಳಲ್ಲೇ ವಿಡಿಯೊ ಹುಡುಕಲಿ. ಹೊರಗಿನವರಿಗಾಗಿ ಮಾಡಿದ್ದು ಹಿಂದೆ ಸರಿದು, ಅಲ್ಲಿನವರು ತಮ್ಮವರಿಗಾಗಿ ಮಾಡಿದ್ದು ಸಿಗುತ್ತದೆ. ಅಲ್ಲಿ ನವೆಂಬರಿನಲ್ಲಿ ಕಾಲೇಜು ಪ್ರವೇಶದ ಪರೀಕ್ಷೆ ನಡೆಯುತ್ತದೆ. ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಹೊತ್ತಿನಲ್ಲಿ ಸದ್ದು ಆಗಬಾರದು ಅಂತ 35 ನಿಮಿಷ ವಿಮಾನಗಳನ್ನು ಇಳಿಯಲೂ ಬಿಡುವುದಿಲ್ಲ, ಏರಲೂ ಬಿಡುವುದಿಲ್ಲ. ತನ್ನ ವಯಸ್ಸಿನವರ ಮೇಲೆ ಅಲ್ಲಿ ಎಷ್ಟು ಒತ್ತಡ ಇದೆ ಅಂತ ನಿಮ್ಮ ಮಗಳಿಗೆ ತಕ್ಷಣ ಗೊತ್ತಾಗುತ್ತದೆ. ಆಸೆ ಇದ್ದರೆ ಲಿಪಿಯನ್ನೂ ಕಲಿಯಲಿ. ಮೂಲ ಅಕ್ಷರಗಳು 24 ಮಾತ್ರ. ಅಕ್ಷರ ಬಂದರೆ ಧಾರಾವಾಹಿಯ ಹಿಂದಿನ ಗೋಡೆಯ ಮೇಲಿನ ಬೋರ್ಡುಗಳನ್ನೂ ಓದಬಹುದು.

ಪ್ರಶ್ನೆ: ಒಂದು ಸಿನಿಮಾ ಮಾಡುವಾಗ ಆ ಜನರನ್ನು ಕೇಳಿ ಮಾಡಿದ್ದಾರಾ ಇಲ್ವಾ, ನಮಗೆ ಹೇಗೆ ಗೊತ್ತಾಗಬೇಕು?

ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಸಲಹೆಗಾರರು ಯಾರು ಅಂತ ನೋಡಿ. ಇನ್ನೂ ಒಳ್ಳೆಯ ಗುರುತು ಸಣ್ಣ ವಸ್ತುಗಳಲ್ಲಿ ಸಿಗುತ್ತದೆ. 'ಕೋಕೋ' ಚಿತ್ರದ ಕೆಲಸ ನಡೆಯುವಾಗ, 2013ರಲ್ಲಿ, ಮೆಕ್ಸಿಕೋದವರು ಸತ್ತವರನ್ನು ನೆನೆಯುವ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಡಿಸ್ನಿ ಹೊರಟಿತ್ತು. ಜನ ಸಿಟ್ಟಾದರು, ಅರ್ಜಿ ವಾಪಸ್ಸಾಯಿತು. ಆಗ ಕಟುವಾಗಿ ಟೀಕಿಸಿದ ವ್ಯಂಗ್ಯಚಿತ್ರಕಾರ ಲಾಲೋ ಅಲ್ಕರಾಸ್ ಅವರನ್ನೇ ಆಮೇಲೆ ಸಲಹೆಗಾರರಾಗಿ ಕರೆದರು. ಕಥೆಯಲ್ಲಿ ಬರುವ ಅಜ್ಜಿಯ ಕೈಗೆ ಮೊದಲು ಕೊಟ್ಟಿದ್ದು ಮರದ ಸೌಟು. ಇಲ್ಲ, ಆ ಅಜ್ಜಿ ಹಿಡಿಯುವುದು ಚಪ್ಪಲಿ ಅಂತ ಸಲಹೆಗಾರರು ಹೇಳಿದರು. 2017ರಲ್ಲಿ ತೆರೆಗೆ ಬಂದ ಚಿತ್ರದಲ್ಲಿ ಅಜ್ಜಿ ಬೀಸುವುದು ಚಪ್ಪಲಿಯನ್ನೇ.

'ಫ್ರೋಜನ್ 2' ಮಾಡುವಾಗ ಡಿಸ್ನಿ ಯುರೋಪಿನ ಉತ್ತರ ತುದಿಯ ಸಾಮಿ ಜನರ ಪ್ರತಿನಿಧಿಗಳ ಜೊತೆ ಬರವಣಿಗೆಯಲ್ಲೇ ಒಪ್ಪಂದ ಮಾಡಿಕೊಂಡಿತು. 2019ರಲ್ಲಿ ಆ ಚಿತ್ರ ಉತ್ತರ ಸಾಮಿ ಭಾಷೆಯಲ್ಲೂ ಬಂತು. ಸಾಮಿ ಮಕ್ಕಳು ತಮ್ಮವರನ್ನು ಹೋಲುವ ಜನರಿರುವ ಕಥೆಯನ್ನು ತಮ್ಮ ಭಾಷೆಯಲ್ಲೇ ಕೇಳಿದರು.