ನಾಯಿಗೆ ಪಾಲಿಶ್ ಮಾಡದ ಅಕ್ಕಿಯ ಅನ್ನ ಹಾಕಬಹುದೇ?

ಹಾಕಬಹುದು. ಆದರೆ ನಾವು ಉಣ್ಣುವುದಕ್ಕಿಂತ ಮೆತ್ತಗೆ, ಅಗುಳನ್ನು ಎರಡು ಬೆರಳ ನಡುವೆ ಒತ್ತಿದರೆ ಪೂರ್ತಿ ನುಣ್ಣಗಾಗುವಷ್ಟು ಬೇಯಿಸಿ. ನಾಯಿ ಹೆಚ್ಚು ಅಗಿಯದೆ ನುಂಗುತ್ತದೆ. ಅದರ ಜೊಲ್ಲು ಪಿಷ್ಟವನ್ನು ಅಷ್ಟಾಗಿ ಕರಗಿಸುವುದಿಲ್ಲ, ಆ ಕೆಲಸ ಸಣ್ಣ ಕರುಳಿನಲ್ಲೇ ಆಗಬೇಕು. ಈ ಅಕ್ಕಿಗೆ ನಾರಿನ ತೌಡು ಅಂಟಿಕೊಂಡಿರುವುದರಿಂದ, ಅರೆಬೆಂದರೆ ಕಾಳು ಕಾಳಾಗಿಯೇ ಮಲದಲ್ಲಿ ಹೊರಬೀಳುತ್ತದೆ. ಭೇದಿಯಾದಾಗ ನಾರು ಕಡಿಮೆಯಿರುವ ಬಿಳಿ ಅನ್ನವೇ ಹಗುರ.

ಉಪ್ಪು, ಒಗ್ಗರಣೆ ಬೇಡವೇ ಬೇಡ. ಪ್ರೀತಿಯಿಂದ ಕಲಸಿಡುವ ಉಳಿದ ಸಾರಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಅನ್ನಕ್ಕಿಂತ ನನಗೆ ಹೆಚ್ಚು ಭಯ ಅದರದ್ದೇ. ಮಾಂಸ, ಮೊಟ್ಟೆಯ ಜಾಗವನ್ನು ಅನ್ನ ತುಂಬುವುದಿಲ್ಲ. ಮೊದಲ ದಿನ ಒಂದೆರಡು ಚಮಚ ಸಾಕು.